ಅಪ್ಪನ ಕಡೆಯಿಂದ ಬಂದದ್ದು

ನನ್ನ ಹೊಟ್ಟೆಯ ಎಡಬದಿಯಲ್ಲಿ, ಹೊಕ್ಕುಳಿನಿಂದ ನಾಲ್ಕು ಬೆರಳು ಆಚೆಗೆ, ಡಾಕ್ಟರು ಕೊಯ್ದು ಮಾಡಿಕೊಟ್ಟ ಒಂದು ದಾರಿ ಇದೆ. ಹನ್ನೆರಡು ವರ್ಷಗಳಿಂದ ನನ್ನ ಮಲ ಹೊರಗೆ ಬರುವುದು ಅಲ್ಲಿಂದ. ಇದನ್ನು ಓದಿ ಮೂಗು ಮುಚ್ಚಿಕೊಳ್ಳುವವರು ಈಗಲೇ ಪುಟ ಮಗುಚಬಹುದು, ನನಗೇನೂ ಬೇಸರವಿಲ್ಲ. ಮೂಗು ಮುಚ್ಚಿಕೊಂಡವರಿಂದಲೇ ನಮ್ಮ ಮನೆಗೆ ಇಷ್ಟೆಲ್ಲ ಆದದ್ದು. ಅವರಲ್ಲಿ ಮೊದಲನೆಯವನು ನಾನು.

ಕಾಯಿಲೆ ಗೆದ್ದ ಕಥೆ ಬರೆಯಿರಿ, ನಾಲ್ಕು ಜನರಿಗೆ ಧೈರ್ಯ ಬರುತ್ತದೆ ಎಂದು ಹೇಳಿದವರಿದ್ದಾರೆ. ಗೆದ್ದದ್ದು ಎಂತ ಮಣ್ಣು! ನಾನು ಬದುಕಿದ್ದೇನೆ, ಅಷ್ಟೆ. ನನಗೆ ಹೇಳಲಿಕ್ಕಿರುವುದು ಬದುಕಿಕೊಂಡ ಮೇಲೆ ನಾನು ಮಾಡಿದ ಒಂದು ತಪ್ಪಿನ ವಿಷಯ. ನಮ್ಮ ಸೀಮೆಯವರು ಮಾತ್ರ ಮಾಡಬಹುದಾದ ತಪ್ಪು ಅದು. ಮಾಡಿದವನು ನಾನು, ಅನುಭವಿಸಿದವಳು ನನ್ನ ಮಗಳು ವನಜ.

ಎಪ್ಪತ್ತರ ದಶಕದಲ್ಲಿ ನಾನು ಪುತ್ತೂರಿನಿಂದ ಬೆಳ್ಳಾರೆ ದಾರಿಯಾಗಿ ಸುಳ್ಯಕ್ಕೆ ಹೋಗುವ ಒಂದು ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಬೆಳ್ಳಾರೆ ಪೇಟೆಯ ಹಿಂದೆ ಬಾಡಿಗೆ ಮನೆ. ಹೆಂಡತಿ ಲೀಲಾ, ಮಗಳು ವನಜ, ಅವಳಿಗಿಂತ ಐದು ವರ್ಷ ಸಣ್ಣವನು ಮಗ ದಯಾನಂದ. ಕಂಡಕ್ಟರನ ಹೊಟ್ಟೆ ಬಸ್ಸಿನ ಟೈಮಿಗೆ ಸರಿಯಾಗಿ ನಡೆಯಬೇಕು. ಬೆಳಗ್ಗೆ ಐದೂವರೆಗೆ ಒಮ್ಮೆ ಹೋಗಿ ಬಂದರೆ ಸಂಜೆಯವರೆಗೆ ಅದರ ನೆನಪೇ ಆಗಬಾರದು. ನನ್ನದು ಹಾಗೆಯೇ ನಡೆಯುತ್ತಿತ್ತು. ನಲವತ್ತೆರಡು ದಾಟಿದ ಮೇಲೆ ಅದು ಕೆಟ್ಟಿತು. ಸವಣೂರು ಬರುವಷ್ಟರಲ್ಲಿ ಇಳಿಯಲೇಬೇಕು. ಅಲ್ಲಿ ಒಂದು ಹೋಟೆಲಿನ ಹಿಂದೆ ತೆಂಗಿನ ಮಡಲು ಕಟ್ಟಿದ ಕಕ್ಕಸು ಇತ್ತು. ಒಳಗೆ ಹೋದರೆ ಬರುವುದು ಸ್ವಲ್ಪ, ಅದರ ಜೊತೆ ರಕ್ತ. ಬಸ್ಸಿನ ತುಂಬ ಜನ ಕಿಟಕಿಯಿಂದ ಇಣುಕಿ ನೋಡುತ್ತಿದ್ದರು. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

"ಉಷ್ಣ ಮಾರಾಯ್ರೆ," ಎಂದ ಅವನು. "ಇಂಜಿನಿನ ಹತ್ತಿರ ನಿಲ್ಲುದಲ್ವಾ ನೀವು. ಮಜ್ಜಿಗೆ ಕುಡೀರಿ."

ನಾನು ಮಜ್ಜಿಗೆ ಕುಡಿದೆ. ಪುನರ್ಪುಳಿ ಶರಬತ್ತು ಕುಡಿದೆ. ಖಾರ ಬಿಟ್ಟೆ, ಕೋಳಿ ಬಿಟ್ಟೆ, ಬದನೆ ಬಿಟ್ಟೆ. ಮೂಲವ್ಯಾಧಿಗೆ ಮದ್ದು ಕೊಡುವವರೊಬ್ಬರ ಕಷಾಯ ಎಂಟು ತಿಂಗಳು ಕುಡಿದೆ. ಅವರು ನನ್ನ ಕೈ ಹಿಡಿದು ನಾಡಿ ನೋಡಿದರು, ನಾಲಿಗೆ ನೋಡಿದರು, ರೋಗ ಇದ್ದ ಜಾಗವನ್ನು ಮಾತ್ರ ನೋಡಲಿಲ್ಲ. ಮಾತ್ರೆ ಕೊಟ್ಟ ಇನ್ನೊಬ್ಬ ಡಾಕ್ಟರರೂ ನೋಡಲಿಲ್ಲ. ನಾನೂ ತೋರಿಸಲಿಲ್ಲ. ಮೂರೂ ಜನ ಮರ್ಯಾದಸ್ಥರು. ಹೀಗೆ ಎರಡು ವರ್ಷ ಕಳೆಯಿತು.

ಕೊನೆಗೆ ಪುತ್ತೂರಿನ ಒಬ್ಬ ವಯಸ್ಸಾದ ಡಾಕ್ಟರು ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡು, ಮಂಚದ ಮೇಲೆ ಮಗ್ಗುಲಾಗಿ ಮಲಗಿ ಎಂದರು. ನಾನು ಪ್ಯಾಂಟಿನ ಗುಂಡಿ ಹಿಡಿದುಕೊಂಡು ನಿಂತೆ.

"ಅಲ್ಲಿ ನೋಡ್ಲಿಕ್ಕೆ ಎಂತ ಉಂಟು ಡಾಕ್ಟ್ರೆ? ಮೂಲವ್ಯಾಧಿ ಅಂತ ಗೊತ್ತುಂಟಲ್ಲ."

"ಗೊತ್ತಿದ್ರೆ ನನ್ನತ್ರ ಯಾಕೆ ಬಂದ್ರಿ?" ಎಂದರು ಅವರು. "ನಾಚಿಕೆ ಆಗುದಾದ್ರೆ ಗೋಡೆ ನೋಡಿ."

ಗೋಡೆಯಲ್ಲಿ ಮಗುವಿನ ಚಿತ್ರವಿರುವ ಹಾಲಿನ ಪುಡಿಯ ಕ್ಯಾಲೆಂಡರ್ ಇತ್ತು. ಅದರಲ್ಲಿ ನಾಲ್ಕು ಭಾನುವಾರ ಎಣಿಸುವಷ್ಟರಲ್ಲಿ ಅವರ ಪರೀಕ್ಷೆ ಮುಗಿದಿತ್ತು. ಕೈ ತೊಳೆದುಕೊಂಡು ಬಂದು ನನ್ನ ಮುಖ ನೋಡದೆಯೇ ಚೀಟಿ ಬರೆದರು. "ಇದು ಮೂಲವ್ಯಾಧಿ ಅಲ್ಲ. ನಾಳೆಯೇ ಮಂಗಳೂರಿಗೆ ಹೋಗಿ. ನಾಡಿದ್ದು ಅಲ್ಲ, ನಾಳೆ." ಎರಡು ವರ್ಷ ನಾನು ಹೆದರಿ ತಪ್ಪಿಸಿಕೊಂಡು ತಿರುಗಿದ್ದು ಇಷ್ಟು ಸಣ್ಣ ಕೆಲಸಕ್ಕೆ ಎಂದು ಆಗ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಂಗಳೂರಿನ ಆಸ್ಪತ್ರೆಯ ವರಾಂಡದಲ್ಲಿ ಉದ್ದ ಬೆಂಚು. ಅಲ್ಲಿ ಕೂತ ಗಂಡಸರೆಲ್ಲ ತೊಡೆಯ ಮೇಲೆ ದೊಡ್ಡ ಎಕ್ಸ್‌ರೇ ಕವರು ಇಟ್ಟುಕೊಂಡು ತುಟಿ ಬಿಗಿದಿರುತ್ತಿದ್ದರು. ಎಂತ ಕಾಯಿಲೆ ಎಂದು ಒಬ್ಬರನ್ನೊಬ್ಬರು ಕೇಳುವಂತಿಲ್ಲ. ಹೊಟ್ಟೆ ನೋವು ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತಿತ್ತು. ಹಿಂದಿನಿಂದ ಬಿಳಿ ಮದ್ದು ತುಂಬಿಸಿ ಫೋಟೋ ತೆಗೆದರು. ಕೊಳವೆ ಹಾಕಿ ನೋಡಿದರು. ಚಿಟಿಕೆಯಷ್ಟು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಆರು ದಿನ ಕಾದೆವು. ಫಲಿತಾಂಶ ಬಂದ ದಿನ ಲೀಲಾ ಬೆಂಚಿನಲ್ಲಿ ನನ್ನ ಪಕ್ಕ ಕೂತು, ತನ್ನ ಚಪ್ಪಲಿಯ ತುಂಡಾದ ಬಾರನ್ನು ಪಿನ್ನು ಹಾಕಿ ಸರಿಮಾಡುತ್ತಿದ್ದಳು. ಕ್ಯಾನ್ಸರ್ ಎಂದು ನಾನು ಹೇಳಿದ ಮೇಲೂ ಆ ಪಿನ್ನನ್ನೇ ಚುಚ್ಚುತ್ತಿದ್ದಳು. ಬೆರಳಿನಲ್ಲಿ ರಕ್ತ ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

ಆಪರೇಷನ್ನಿಗೆ ಮೊದಲು ಒಬ್ಬ ಎಳೆಯ ಡಾಕ್ಟರು ಬಂದು ಕಾಗದದಲ್ಲಿ ಬರೆದುಕೊಳ್ಳುತ್ತ ಕೇಳಿದರು, ನಿಮ್ಮ ಮನೆಯಲ್ಲಿ ಹಿಂದೆ ಯಾರಿಗಾದರೂ ಈ ಥರ ಆಗಿತ್ತೇ? ನಾನು ಬಹಳ ಯೋಚಿಸಿ ಉತ್ತರ ಕೊಟ್ಟೆ. ಅಮ್ಮ ಗಟ್ಟಿಯಿದ್ದಾಳೆ. ಅಜ್ಜಿ ಎಂಬತ್ತು ದಾಟಿ ಹೋದದ್ದು. ಅಮ್ಮನ ಅಣ್ಣಂದಿರು ಮೂವರು, ಒಬ್ಬರು ಹಾವು ಕಚ್ಚಿ, ಇಬ್ಬರು ವಯಸ್ಸಾಗಿ. ಚಿಕ್ಕಮ್ಮಂದಿರಿಗೆ ಏನೂ ಇಲ್ಲ. ಅಕ್ಕನಿಗೆ ಇಲ್ಲ, ಅವಳ ಮಕ್ಕಳಿಗೆ ಇಲ್ಲ. ಅವರು 'ಇಲ್ಲ' ಎಂದು ಬರೆದುಕೊಂಡು ಹೋದರು. ಇಷ್ಟು ವಿವರವಾಗಿ ಹೇಳುವ ರೋಗಿ ಅವರಿಗೆ ಸಿಕ್ಕಿರಲಿಕ್ಕಿಲ್ಲ.

ನನ್ನ ಅಪ್ಪನ ಹೆಸರು ನನ್ನ ಬಾಯಿಗೆ ಬರಲೇ ಇಲ್ಲ.

ಹೊರಗಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ, ಹೇಳುತ್ತೇನೆ. ನಮ್ಮದು ಅಳಿಯಕಟ್ಟು. ನಾವು ಅಮ್ಮನ ಕಡೆಯವರು. ಬಳಿ, ಅಂದರೆ ನಮ್ಮ ಗೋತ್ರ, ಅಮ್ಮನದು, ದೈವದ ಮನೆ ಅಮ್ಮನದು, ಆಸ್ತಿಯಲ್ಲಿ ಪಾಲು ಇದ್ದರೆ ಅದೂ ಅಮ್ಮನ ಕಡೆಯದು. ಗಂಡಸಿನ ಸೊತ್ತು ಅವನ ಅಕ್ಕತಂಗಿಯರ ಮಕ್ಕಳಿಗೆ, ಅವನ ಸ್ವಂತ ಮಕ್ಕಳು ಹೆಂಡತಿಯ ಕುಟುಂಬಕ್ಕೆ. ಕಾನೂನು ಬದಲಾಗಿತ್ತು, ತಲೆ ಬದಲಾಗಿರಲಿಲ್ಲ. ಅಪ್ಪ ಮರ್ಕಂಜದಲ್ಲಿ ಅವನ ಮನೆಯಲ್ಲಿದ್ದ. ನಾವು ಅಮ್ಮನ ಮನೆಯಲ್ಲಿ ಬೆಳೆದವರು. ನನಗೆ ಹನ್ನೊಂದು ವರ್ಷ ಇರುವಾಗ ಅಪ್ಪ ತೀರಿಕೊಂಡ. ಅವನ ಜಾಗವೆಲ್ಲ ಅಳಿಯಂದಿರಿಗೆ ಹೋಯಿತು. ಅಪ್ಪನಿಂದ ನನಗೆ ನಯಾಪೈಸೆಯಷ್ಟೂ ಬಂದಿಲ್ಲ ಎಂದು ನಾನು ಬಸ್ಸಿನಲ್ಲಿ ಎಷ್ಟೋ ಸಲ ಜಂಬದಿಂದ ಹೇಳಿಕೊಂಡದ್ದುಂಟು.

ಆಪರೇಷನ್ ಆಯಿತು. ಮೊದಲ ಸಲ ಹೊಟ್ಟೆಯ ಮೇಲಿನ ಆ ಕೆಂಪು ಮಾಂಸದ ಮೊಗ್ಗನ್ನು ನೋಡಿದಾಗ ನಾನು ಅತ್ತೆ. ನರ್ಸಿನ ಎದುರಿಗೇ ಅತ್ತೆ. ಅದು ಎಮರ್ಜೆನ್ಸಿಯ ಕಾಲ. ಗಂಡಸು ಆಸ್ಪತ್ರೆಯಲ್ಲಿ ಮಲಗಿದ್ದಾನೆಂದರೆ ಮಕ್ಕಳಾಗದ ಆಪರೇಷನ್ನಿಗೆ ಹಿಡಿದುಕೊಂಡು ಹೋಗಿದ್ದಾರೆ ಎಂದೇ ಲೆಕ್ಕ. ಬೆಳ್ಳಾರೆ ಪೇಟೆಯಲ್ಲಿ ಹಾಗೆಯೇ ಸುದ್ದಿಯಾಯಿತು. ಲೀಲಾ ಅದನ್ನು ಅಲ್ಲಗಳೆಯಲಿಲ್ಲ. ನಿಜ ಹೇಳುವುದಕ್ಕಿಂತ ಅದೇ ವಾಸಿ ಎಂದು ಇಬ್ಬರಿಗೂ ಕಂಡಿತು.

ಮನೆಗೆ ಬಂದ ಮೇಲಿನ ದಿನಗಳ ಮಾತು ಬೇಡ. ಆಗ ನಮ್ಮಂಥವರಿಗೆ ಸಿಗುತ್ತಿದ್ದದ್ದು ತೆಳು ಪ್ಲಾಸ್ಟಿಕ್ ಚೀಲ, ಅದನ್ನು ಕಟ್ಟಲು ದಾರ. ಎದ್ದರೆ ಜಾರುತ್ತದೆ, ಕೆಮ್ಮಿದರೆ ಸೋರುತ್ತದೆ. ಲೀಲಾ ಎರಡು ದಿನ ಪ್ರಯತ್ನಿಸಿದಳು, ಮೂರನೆಯ ದಿನ ಬಾವಿಕಟ್ಟೆಯ ಹತ್ತಿರ ಹೋಗಿ ವಾಂತಿ ಮಾಡಿದಳು. ನನಗೆ ಅವಳ ಮೇಲೆ ಸಿಟ್ಟಿಲ್ಲ. ಆಗ ವನಜ ಬಂದಳು. ಹತ್ತೊಂಬತ್ತು ವರ್ಷದ ಹುಡುಗಿ, ಬೀಡಿ ಕಟ್ಟುತ್ತಿದ್ದ ಕೈ ಒರೆಸಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಳು.

"ಅಪ್ಪ, ಅಂಗಿ ಎತ್ತಿ. ನಾನು ಕಟ್ಟುತ್ತೇನೆ." ಮನೆಯಲ್ಲಿ ನಮ್ಮ ಮಾತು ತುಳು. ಅವಳ ಮಾತನ್ನು ಕನ್ನಡದಲ್ಲಿ ಬರೆಯುವಾಗ ಅದರ ಮೆದು ಅರ್ಧ ಹೋಗುತ್ತದೆ.

"ನಿನಗೆ ಹೇಸಿಗೆ ಆಗುದಿಲ್ವಾ ಮಗಾ?"

"ನನ್ನದನ್ನು ನೀವು ತೊಳೆದಿಲ್ವಾ?"

ನಾನು ತೊಳೆದಿರಲಿಲ್ಲ. ನಮ್ಮ ಗಂಡಸರು ಯಾರು ತೊಳೆಯುತ್ತಾರೆ? ಆದರೂ ಹೂಂ ಎಂದೆ. ಮುಂದಿನ ಎರಡು ವರ್ಷ, ಮದುವೆಯಾಗಿ ಕಡಬಕ್ಕೆ ಹೋಗುವವರೆಗೆ, ದಿನಾ ಬೆಳಗ್ಗೆ ಉಗುರುಬಿಸಿ ನೀರು ಕಾಯಿಸಿ ಕೊಡುತ್ತಿದ್ದವಳು, ಚೀಲ ತೊಳೆದು ನೆರಳಿನಲ್ಲಿ ಒಣಗಿಸುತ್ತಿದ್ದವಳು ಅವಳೇ.

ಇನ್ನೊಬ್ಬರ ಹೆಸರನ್ನು ಇಲ್ಲಿ ಹೇಳಲೇಬೇಕು, ಪೇಟೆಯ ಟೈಲರ್ ಹಮೀದ್. ನಾನು ಅಂಗಡಿಗೆ ಹೋಗಿ, ಒಂದು ಪಟ್ಟಿ ಹೊಲಿಯಲಿಕ್ಕಿತ್ತು, ಹೊಟ್ಟೆಗೆ, ಸ್ವಲ್ಪ, ಎಂದೆಲ್ಲ ತೊದಲುತ್ತಿದ್ದೆ.

"ಎಂತದೂ ಹೇಳುದು ಬೇಡ ಮಾರಾಯ್ರೆ," ಎಂದು ಅವರು ಅಂಗಡಿಯ ಪರದೆ ಎಳೆದರು. "ಟೈಲರಿಗೆ ಅಳತೆ ಬೇಕು, ಕಾರಣ ಬೇಡ."

ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದರು. ಕೊನೆಗೆ ನನ್ನ ಯೂನಿಫಾರ್ಮಿನ ಖಾಕಿ ಬಟ್ಟೆಯಲ್ಲೇ, ಚೀಲ ಕೂರುವ ಕಡೆ ಒಂದು ಗಟ್ಟಿ ಬಳೆ ಇಟ್ಟು, ಅಂಗಿಯ ಕೆಳಗೆ ಕಾಣದ ಹಾಗೆ ಹೊಲಿದುಕೊಟ್ಟರು. ಆ ಬೆಲ್ಟ್ ಹಾಕಿಕೊಂಡೇ ನಾನು ಕೆಲಸಕ್ಕೆ ವಾಪಸು ಹೋದೆ. ಕಂಡಕ್ಟರಿಕೆ ಆಗಲಿಲ್ಲ. ಮಾಲೀಕರು ಬೆಳ್ಳಾರೆ ಸ್ಟ್ಯಾಂಡಿನಲ್ಲಿ ಬಸ್ಸುಗಳನ್ನು ಟೈಮಿಗೆ ಹೊರಡಿಸುವ ಏಜೆಂಟನ ಕೆಲಸ ಕೊಟ್ಟರು. ಒಂದು ಸ್ಟೂಲು, ಒಂದು ಸೀಟಿ.

ಈಗ ಆ ತಪ್ಪಿಗೆ ಬರುತ್ತೇನೆ. ಆಸ್ಪತ್ರೆಯಿಂದ ಬಿಡುವ ದಿನ ಆಪರೇಷನ್ ಮಾಡಿದ ದೊಡ್ಡ ಡಾಕ್ಟರು ಹೇಳಿದ್ದರು, "ಇದು ಕೆಲವು ಮನೆಗಳಲ್ಲಿ ಒಬ್ಬರಿಂದ ಒಬ್ಬರಿಗೆ ಬರುವುದುಂಟು. ನಿಮ್ಮ ರಕ್ತಸಂಬಂಧದವರು ಒಮ್ಮೆ ಬಂದು ಪರೀಕ್ಷೆ ಮಾಡಿಸಿಕೊಳ್ಳಲಿ. ಏನೂ ತೊಂದರೆ ಇಲ್ಲದವರೂ ಬರಬೇಕು. ತೊಂದರೆ ಶುರುವಾಗುವ ಮೊದಲೇ ಕಂಡರೆ ತೆಗೆದು ಬಿಸಾಡಬಹುದು." ನಾನು ಆ ಮಾತನ್ನು ಮರೆಯಲಿಲ್ಲ. ಮರೆತಿದ್ದರೆ ಆಮೇಲೆ ಕಾರಣವಾದರೂ ಸಿಗುತ್ತಿತ್ತು. ನಾನು ಶ್ರದ್ಧೆಯಿಂದ ಪಾಲಿಸಿದೆ. ಅಕ್ಕನ ಇಬ್ಬರು ಗಂಡುಮಕ್ಕಳನ್ನು, ನನ್ನ ಅಳಿಯಂದಿರನ್ನು, ಬೈದು ಹೆದರಿಸಿ ಮಂಗಳೂರಿಗೆ ಹೊರಡಿಸಿದೆ. ದೊಡ್ಡವನು ದಾರಿಯುದ್ದಕ್ಕೂ ಗೊಣಗುತ್ತಿದ್ದ.

"ಮಾವ, ನನಗೆ ಎಂತ ಆಗಿದೆ? ಕಲ್ಲು ತಿಂದರೂ ಕರಗ್ತದೆ."

"ನಮ್ಮ ರಕ್ತ ನೀವು. ಬಾಯಿ ಮುಚ್ಚಿ ಕೂತುಕೋ," ಎಂದೆ.

ಹೊರಡುವ ಬೆಳಗ್ಗೆ ವನಜ ನನಗೆ ಬೆಲ್ಟ್ ಕಟ್ಟಿ, ಕೊಂಡಿ ಹಾಕುತ್ತ ಕೇಳಿದ್ದಳು. "ನಾನೂ ಬರುದಾ ಅಪ್ಪ? ತಮ್ಮನೂ?"

"ನಿಮಗೆ ಎಂತಕ್ಕೆ? ನೀವು ಅಮ್ಮನ ಕಡೆಯವರಲ್ವಾ," ಎಂದು ನಾನು ನಕ್ಕೆ.

ಅವಳೂ ನಕ್ಕಳು. ಅವಳಿಗೂ ಅದು ಸರಿಯೆಂದೇ ಕಂಡಿತು. ಲೀಲಾಳಿಗೂ ಸರಿ. ಇಡೀ ಬೆಳ್ಳಾರೆಯಲ್ಲಿ ಯಾರನ್ನು ಕೇಳಿದ್ದರೂ ಸರಿಯೆಂದೇ ಹೇಳುತ್ತಿದ್ದರು. ಅಳಿಯಂದಿರಿಬ್ಬರಿಗೂ ಏನೂ ಇರಲಿಲ್ಲ. ಕುಟುಂಬದ ಹಿರಿಯನಾಗಿ ನನ್ನ ಕರ್ತವ್ಯ ಮುಗಿಸಿದೆ ಎಂದು ಹೆಮ್ಮೆಪಟ್ಟುಕೊಂಡು ಬಂದೆ. ಆ ದಿನ ಅವಳನ್ನೂ ಕರೆದುಕೊಂಡು ಹೋಗಿದ್ದರೆ, ಇನ್ನೂ ಸಣ್ಣವಳು, ಐದು ವರ್ಷ ಬಿಟ್ಟು ಬನ್ನಿ ಎನ್ನುತ್ತಿದ್ದರೋ ಏನೋ. ಆದರೆ ಹೆಸರು ಬರೆದುಕೊಳ್ಳುತ್ತಿದ್ದರು. ಐದು ವರ್ಷ ಬಿಟ್ಟು ನಾನು ಕರೆದುಕೊಂಡು ಹೋಗುತ್ತಿದ್ದೆ.

ವನಜಳಿಗೆ ಕಡಬದಲ್ಲಿ ಎರಡು ಮಕ್ಕಳಾದವು. ಎರಡನೆಯ ಹೆರಿಗೆಯ ಮೇಲೆ ರಕ್ತ ಹೋಗಲು ಶುರುವಾಯಿತಂತೆ. ಹೆರಿಗೆಯಾದ ಹೆಂಗಸರಿಗೆ ಮೂಲವ್ಯಾಧಿ ಆಗುವುದು ಸಾಮಾನ್ಯ ಎಂದು ಅತ್ತೆ ಹೇಳಿದರು. ಮಜ್ಜಿಗೆ ಕುಡಿ ಎಂದರು. ಅವಳು ಅಮ್ಮನಿಗೆ ಹೇಳಿದಳು. ಲೀಲಾ ನನಗೆ ಹೇಳಲಿಲ್ಲ. ಗಂಡಸರಿಗೆ ಹೇಳುವ ವಿಷಯವೇ ಅದು? ನನ್ನ ಚೀಲವನ್ನು ಎರಡು ವರ್ಷ ತೊಳೆದ ಮಗಳು ತನ್ನ ರಕ್ತದ ವಿಷಯವನ್ನು ನನ್ನ ಹತ್ತಿರ ಹೇಳಲು ನಾಚಿದಳು. ಬಂದಾಗ ಬಿಳಿಚಿಕೊಂಡಿದ್ದಳು, ಬಾಣಂತನ ಸರಿಯಾಗಿಲ್ಲ ಎಂದು ನಾನು ಅವಳ ಅತ್ತೆಯನ್ನು ಬೈದೆ. ಬೈಯುವುದು ಸುಲಭದ ಕೆಲಸ.

ನನಗೆ ಗೊತ್ತಾದದ್ದು ಬಸ್ಸಿನಿಂದ. ಒಂದು ಸಂಜೆ ಪುತ್ತೂರಿನ ಬಸ್ಸು ಸ್ಟ್ಯಾಂಡಿಗೆ ಬಂತು. ವನಜ ಕಡಬದಿಂದ ಬಂದು ಸವಣೂರಿನಲ್ಲಿ ಅದನ್ನು ಹಿಡಿದಿದ್ದಳು. ಮಗುವನ್ನು ಎತ್ತಿಕೊಂಡು ಇಳಿದು ಮನೆಯ ಕಡೆ ಹೋದಳು. ಕಂಡಕ್ಟರ್ ನನ್ನ ಹತ್ತಿರ ಬಂದು ತಮಾಷೆಗೆ ಹೇಳಿದ.

"ಸಂಜೀವಣ್ಣ, ನಿಮ್ಮ ಮಗಳು ಬಸ್ಸು ಹೊರಡ್ಲಿಕ್ಕೇ ಬಿಡ್ಲಿಲ್ಲ ಮಾರಾಯ್ರೆ. ಸವಣೂರಿನಲ್ಲಿ ಹತ್ತಿದವರು ಮಗುವನ್ನು ನನ್ನ ಕೈಗೆ ಕೊಟ್ಟು ಪುನಃ ಇಳಿದು ಆ ಹೋಟೆಲಿನ ಹಿಂದೆ ಹೋದ್ರು. ಹತ್ತು ನಿಮಿಷ. ನೀವು ಕೂಡ ಅಲ್ಲೇ ಇಳೀತಿದ್ರಿ ಅಂತ ಡ್ರೈವರ್ ಹೇಳ್ತಿದ್ದ."

ನಾನು ಸೀಟಿಯನ್ನು ಬಾಯಿಯಲ್ಲಿಟ್ಟುಕೊಂಡವನು ಊದಲಿಲ್ಲ. ಬಸ್ಸು ಹಾಗೆಯೇ ನಿಂತಿತ್ತು. ಮನೆಗೆ ಓಡಿದೆ.

"ಎಷ್ಟು ಸಮಯ ಆಯಿತು?" ಎಂದು ಕೇಳಿದೆ. ಅವಳಿಗೆ ಯಾವುದರ ವಿಷಯ ಎಂದು ಹೇಳಬೇಕಾಗಲಿಲ್ಲ.

"ಒಂದೂವರೆ ವರ್ಷ ಆಗಿರಬಹುದು," ಎಂದಳು. "ಇದು ಬೇರೆ ಅಪ್ಪ. ನಾನು ಅಮ್ಮನ ಕಡೆ ಅಲ್ವಾ."

ಮರುದಿನ ಮಂಗಳೂರಿಗೆ ಹೋದೆವು. ಅದೇ ವರಾಂಡ, ಅದೇ ಬೆಂಚು, ಪೇಂಟ್ ಮಾತ್ರ ಹೊಸತು. ದೊಡ್ಡ ಡಾಕ್ಟರರ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ಪರೀಕ್ಷೆ ಮಾಡಿ, ನನ್ನ ಹಳೆಯ ಫೈಲು ತರಿಸಿ, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡರು.

"ಇವರು ನಿಮ್ಮ ಮಗಳಲ್ಲವೇ? ಅಂದೇ ಯಾಕೆ ಕಳಿಸಲಿಲ್ಲ?"

ನಾನು ಅಳಿಯಕಟ್ಟಿನ ವಿಷಯ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಕೇಳಿಸತೊಡಗಿತು. ಅವರು ಘಟ್ಟದ ಮೇಲಿನವರು, ನಗಲಿಲ್ಲ, ಬೈಯಲೂ ಇಲ್ಲ.

"ನಿಮ್ಮ ತಂದೆ ಯಾವ ಕಾಯಿಲೆಯಿಂದ ತೀರಿಕೊಂಡರು?"

ಐವತ್ತು ದಾಟಿದ್ದ ನನ್ನನ್ನು ಈ ಪ್ರಶ್ನೆ ಕೇಳಿದವರು ಅವರೇ ಮೊದಲು. ಮರ್ಕಂಜದ ಆ ಮನೆಯ ಹಿಂದಿನ ಅಂಗಳ ಕಣ್ಣೆದುರು ಬಂತು. ಅಪ್ಪನನ್ನು ನೋಡಲು ಅಮ್ಮ ನನ್ನನ್ನು ಕರೆದುಕೊಂಡು ಹೋಗಿದ್ದಳು. ಚಾಪೆಯ ಮೇಲೆ ಒಂದು ಒಣ ಮನುಷ್ಯ. ಅವನ ತಂಗಿ ಬಟ್ಟೆ ತುಂಡುಗಳನ್ನು ಬೂದಿ ಹಾಕಿ ಒಗೆಯುತ್ತಿದ್ದಳು, ನೀರು ಕೆಂಪಾಗಿ ಹರಿದು ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಎಂತದು ಅಂತ ಕೇಳಿದ್ದಕ್ಕೆ, ಮೂಲವ್ಯಾಧಿ, ನೀನು ಆಚೆ ಹೋಗು ಎಂದಳು. ಅಪ್ಪನಿಗೆ ಆಗ ನಲವತ್ತಮೂರೋ ನಲವತ್ತನಾಲ್ಕೋ.

ಅಪ್ಪನಿಂದ ನನಗೆ ಏನೂ ಬಂದಿಲ್ಲ ಎಂದು ಹೇಳಿಕೊಂಡು ತಿರುಗಿದವನು ನಾನು. ಬಂದಿತ್ತು. ಅದನ್ನು ನಾನು ಮಗಳಿಗೆ ಕೊಟ್ಟಿದ್ದೆ.

ವನಜಳ ಕಾಯಿಲೆ ಲಿವರಿಗೆ ಹೋಗಿತ್ತು. ಹೊಟ್ಟೆ ಕೊಯ್ದು ನೋಡಿ ಹಾಗೆಯೇ ಹೊಲಿದರು. ಅದೇ ವಾರ ಡಾಕ್ಟರು ದಯಾನಂದನನ್ನು ಕರೆಸಿದರು. ಅವನಿಗೆ ಏನೂ ತೊಂದರೆ ಇರಲಿಲ್ಲ. ಕೊಳವೆ ಹಾಕಿ ನೋಡಿದಾಗ ಕಡಲೆಕಾಳಿನಷ್ಟು ಒಂದು ಗಂಟು ಇತ್ತು. ಅಲ್ಲೇ ತೆಗೆದರು. ಪರೀಕ್ಷೆಗೆ ಕಳಿಸಿದಾಗ, ಇನ್ನೂ ಕೆಟ್ಟಿಲ್ಲ, ಬಿಟ್ಟಿದ್ದರೆ ಕೆಡುತ್ತಿತ್ತು ಎಂದು ಬಂತು. ಅವನು ಒಳಗೆ ಹೋಗಿ ಹೊರಗೆ ಬಂದದ್ದು ಕಾಲು ಗಂಟೆಯಲ್ಲಿ. ಬೆಳ್ಳಾರೆಯಲ್ಲಿ ಬಸ್ಸು ನಿಲ್ಲುವಷ್ಟು ಹೊತ್ತು. ನಾನು ಬೆಂಚಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಸಂತೋಷಪಡಬೇಕಾದ ಗಳಿಗೆ, ನನಗೆ ಮಾತ್ರ ಯಾರನ್ನಾದರೂ ಹಿಡಿದು ಹೊಡೆಯಬೇಕು ಅನಿಸಿತು. ಹೊಡೆಯಲು ನಾನೊಬ್ಬನೇ ಇದ್ದೆ.

ವಾರ್ಡಿನಲ್ಲಿ ವನಜ ಕೇಳಿದಳು. "ತಮ್ಮನದ್ದು ಆಯಿತಾ ಅಪ್ಪ? ತುಂಬ ಹೊತ್ತು ಬೇಕಾಯಿತಾ?"

"ಹೂಂ ಮಗಾ. ಅರ್ಧ ದಿನ ಹಿಡಿಯಿತು. ಅವನಿಗೆ ತುಂಬ ನೋವಾಯಿತು," ಎಂದೆ.

"ಪಾಪ," ಎಂದಳು.

ಐದು ತಿಂಗಳು ನಮ್ಮ ಮನೆಯಲ್ಲೇ ಇದ್ದಳು. ಅವಳ ಬಟ್ಟೆ ನಾನು ತೊಳೆದೆ. ಬೇಡ ಅಪ್ಪ ಎಂದು ಎರಡು ದಿನ ಅತ್ತಳು, ಆಮೇಲೆ ಸುಮ್ಮನಾದಳು. ಹಮೀದ್ ಹಳೆಯ ಮೆತ್ತನೆ ಬಟ್ಟೆಗಳನ್ನು ಅಂಚು ಮಡಚಿ ಹೊಲಿದು ಕಟ್ಟು ಕಟ್ಟಿ ತಂದು ಜಗಲಿಯಲ್ಲಿಟ್ಟು, ಏನೂ ಕೇಳದೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಗಂಜಿ ತಿಳಿ ಕುಡಿಸುತ್ತಿರುವಾಗ ಅವಳು ಹೋದಳು.

ಮೂರನೆಯ ದಿನ ಲೀಲಾಳ ಸೋದರಮಾವ, ಅವರ ಕುಟುಂಬದ ಯಜಮಾನರು, ನನ್ನನ್ನು ಹೊರಗೆ ಕರೆದರು. ಒಳ್ಳೆಯ ಮನುಷ್ಯ, ಪ್ರೀತಿಯಿಂದಲೇ ಹೇಳಿದರು.

"ಸಂಜೀವ, ಸೂತಕ ಇರುದು ನಮಗೆ. ನಿನಗೆ ಇಲ್ಲ. ನೀನು ಸ್ಟ್ಯಾಂಡಿಗೆ ಹೋಗುದಾದ್ರೆ ಅಡ್ಡಿ ಇಲ್ಲ ಮಾರಾಯ. ಮನಸ್ಸಿಗೂ ಒಳ್ಳೇದು."

"ನನಗೆ ಉಂಟು," ಎಂದೆ.

"ಕ್ರಮದಲ್ಲಿ ಇಲ್ಲ ಅಲ್ವಾ?"

"ಕ್ರಮ ಹಾಳಾಗಿ ಹೋಗಲಿ," ಎಂದು ನಾನು ಕೂಗಿದ್ದು ಪೇಟೆಯವರೆಗೆ ಕೇಳಿತಂತೆ. ಒಳಗೆ ಹೋಗಿ ಅವರೆಲ್ಲರ ಜೊತೆ ಸೂತಕದ ಚಾಪೆಯಲ್ಲಿ ಕೂತೆ. ಯಾರೂ ಏಳಿಸಲಿಲ್ಲ. ಅವಳ ಮಕ್ಕಳಿಗೆ ಇಪ್ಪತ್ತಾಗುವಾಗ ಪರೀಕ್ಷೆ ಆಗಬೇಕು ಎಂದು ನಾನು ಹೇಳಿದಾಗ ಎಲ್ಲರೂ ತಲೆಯಾಡಿಸಿದರು. ಅಮ್ಮನಿಂದ ಬರುವುದಾದರೆ ಬಂದೇ ಬರುತ್ತದೆ ಎಂದು ಅವರಿಗೆ ಈಗ ಸಂಶಯವೇ ಇಲ್ಲ.

ಅಂದಿನಿಂದ ವರ್ಷಕ್ಕೊಮ್ಮೆ ದಯಾನಂದನನ್ನು ಮಂಗಳೂರಿಗೆ ಕರೆದುಕೊಂಡು ಹೋಗುತ್ತೇನೆ. ಎರಡು ಸಲ ಆಯಿತು, ಎರಡು ಸಲವೂ ಏನೂ ಇಲ್ಲ ಎಂದರು. ಮೇಜಿನ ಆಚೆ ಕೂತು ಬರೆದುಕೊಳ್ಳುವ ಎಳೆಯ ಡಾಕ್ಟರು ಮಾತ್ರ ಪ್ರತಿ ಸಲವೂ ಹೊಸಬರು, ಪ್ರತಿ ಸಲವೂ ಅದೇ ಪ್ರಶ್ನೆ, ಮನೆಯಲ್ಲಿ ಯಾರಿಗಾದರೂ ಈ ಕಾಯಿಲೆ ಇತ್ತೇ?

"ಅಪ್ಪನಿಗೆ. ಅಪ್ಪನ ಅಪ್ಪನಿಗೆ. ಅಕ್ಕನಿಗೆ," ಎನ್ನುತ್ತಾನೆ ದಯಾನಂದ.

"ಅಕ್ಕನಿಗೆ ಎಷ್ಟು ವಯಸ್ಸಾಗಿತ್ತು?"

"ಇಪ್ಪತ್ತೆಂಟು."

"ಅಷ್ಟು ಸಣ್ಣ ವಯಸ್ಸಿಗೆ? ತಂದೆಗೆ ಇತ್ತು ಅಂತ ಗೊತ್ತಿತ್ತಲ್ಲ, ಅವರಿಗೆ ಪರೀಕ್ಷೆ ಮಾಡಿಸಿರಲಿಲ್ಲವೇ?"

ಇಲ್ಲಿಗೆ ಬಂದಾಗ ಅವನು ನನ್ನ ಕಡೆ ನೋಡುವುದಿಲ್ಲ. ಉತ್ತರ ನಾನೇ ಹೇಳುತ್ತೇನೆ.

"ಇಲ್ಲ ಡಾಕ್ಟ್ರೆ. ನಾನೂ ಬರುದಾ ಅಂತ ಅವಳು ಕೇಳಿದ್ದಳು. ನಾನು ಕರಕೊಂಡು ಬರ್ಲಿಲ್ಲ."